ಗೋಣಿಚೀಲದ ಕಾಗದಪತ್ರ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೇನೆ. ಉತ್ತರ ಕರ್ನಾಟಕದ ಒಂದು ತಾಲೂಕು ಊರಿನ ಟ್ರಸ್ಟ್‌ನಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. ಅಲ್ಲಿ ತೀರಿಕೊಂಡ ವಕೀಲರೊಬ್ಬರ ಕಾಗದಪತ್ರಗಳಿವೆ. ಅವರು ಏಕೀಕರಣ ಚಳವಳಿಯಲ್ಲಿ ಓಡಾಡಿದವರು, ಊರಲ್ಲಿ ನಾಟಕ ಸಂಘ ನಡೆಸಿದವರು. ಮನೆಯವರು ನಾಲ್ಕು ಟ್ರಂಕು, ಆರು ಗೋಣಿಚೀಲ, ಒಂದಷ್ಟು ಬಟ್ಟೆಯ ಗಂಟು ಕೊಟ್ಟು ಹೋಗಿದ್ದಾರೆ. ಪ್ರತಿ ಕಾಗದವನ್ನೂ ಓದಿ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಅಂತ ಟ್ರಸ್ಟ್‌ನವರು ಹೇಳಿದ್ದಾರೆ. ವಿಷಯವಾರು ವಿಂಗಡಿಸಬೇಕಾ, ತಾರೀಖಿನ ಪ್ರಕಾರ ಜೋಡಿಸಬೇಕಾ? ಬೇಡದ್ದನ್ನು ಎಸೆಯಬಹುದಾ? ಕೆಲವು ಕಾಗದ ಮರಾಠಿ ಬರೆಯುತ್ತಿದ್ದ ಹಳೇ ಮೋಡಿ ಲಿಪಿಯಲ್ಲಿವೆ. ನನಗೆ ಓದಲು ಬರುವುದಿಲ್ಲ.

ಉತ್ತರ: ವಿಷಯವಾರೂ ಬೇಡ, ತಾರೀಖಿನ ಪ್ರಕಾರವೂ ಬೇಡ. ಇನ್ನೂ ಚೀಲ ಸುರಿದಿಲ್ಲ ತಾನೇ? ಹಾಗಿದ್ದರೆ ಒಳ್ಳೆಯದು.

ಈ ಕೆಲಸಕ್ಕೆ ಬರುವವರೆಲ್ಲ ಓದಲು ಇಷ್ಟಪಡುವ ಮಂದಿ. ಕಟ್ಟು ಬಿಚ್ಚಿದ ಕೂಡಲೇ ಮೊದಲನೇ ಪತ್ರ ಓದುತ್ತಾ ಕೂತುಬಿಡುತ್ತಾರೆ. ಓದೋಕೆ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಕಾಗದವನ್ನು ಯಾರು, ಯಾವ ಕೆಲಸಕ್ಕೆ, ಯಾವುದರ ಜೊತೆಗೆ ಇಟ್ಟುಕೊಂಡಿದ್ದರು? ಪತ್ರದಲ್ಲಿ ಬರೆದಿರುವುದು ನಾಳೆಯೂ ಅಲ್ಲೇ ಇರುತ್ತದೆ. ಅದು ಯಾವುದರ ಪಕ್ಕದಲ್ಲಿತ್ತು ಅನ್ನೋದು ಮಾತ್ರ ನೀವು ಕೈ ಹಾಕಿದ ಕ್ಷಣವೇ ಅಳಿಸಿಹೋಗಬಹುದು.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ವಕೀಲರ ಒಂದು ಕಟ್ಟಿನಲ್ಲಿ ನಾಟಕಕ್ಕೆ ತಂದ ಪೆಟ್ರೋಮ್ಯಾಕ್ಸ್ ದೀಪಗಳ ಬಾಡಿಗೆ ರಸೀದಿ ಇದೆ ಅಂತಿಟ್ಟುಕೊಳ್ಳಿ. ಅದೇ ಕಟ್ಟಿನಲ್ಲಿ ಏಕೀಕರಣದ ಸಭೆಗೆ ಬಂದವರ ಪಟ್ಟಿ, ಟಿಕೆಟ್ ಮಾರಿದ ಲೆಕ್ಕ. ವಿಷಯವಾರು ವಿಂಗಡಿಸಿದರೆ ರಸೀದಿ ‘ನಾಟಕ’ಕ್ಕೆ ಹೋಯಿತು, ಪಟ್ಟಿ ‘ಚಳವಳಿ’ಗೆ ಹೋಯಿತು, ಲೆಕ್ಕ ‘ಹಣಕಾಸು’ ಸೇರಿತು. ಮೂರೂ ಒಂದೇ ದಾರದಲ್ಲಿ ಇದ್ದುದರಿಂದ ತಾನೇ ನಾಟಕದ ದುಡ್ಡಿನಲ್ಲಿ ಸಭೆ ನಡೆದಿರಬಹುದು ಎಂಬ ಸುಳಿವು ಸಿಗುತ್ತಿದ್ದದ್ದು? ಆ ಸುಳಿವು ಯಾವ ಹಾಳೆಯಲ್ಲೂ ಬರೆದಿಲ್ಲ. ದಾರ ಬಿಚ್ಚಿ ಹಂಚಿದ ಮೇಲೆ ಮತ್ತೆ ಹುಟ್ಟುವುದೂ ಇಲ್ಲ.

ಇದು ನನ್ನ ಸ್ವಂತ ಸಿದ್ಧಾಂತ ಅಲ್ಲ. ಒಬ್ಬರಿಂದ ಬಂದ ಕಾಗದಗಳನ್ನು ಇನ್ನೊಬ್ಬರದರ ಜೊತೆ ಬೆರೆಸಬಾರದು ಎಂದು ಫ್ರಾನ್ಸ್ ಸರ್ಕಾರ 1841ರಲ್ಲೇ ತನ್ನ ಪತ್ರಾಗಾರಗಳಿಗೆ ಸುತ್ತೋಲೆ ಕಳಿಸಿತ್ತು. ಅವರು ಇಟ್ಟುಕೊಂಡಿದ್ದ ಕ್ರಮವನ್ನೂ ಕೆಡಿಸಬಾರದು ಎಂಬುದನ್ನು ಹಾಲೆಂಡಿನ ಮೂವರು ಆರ್ಕೈವಿಸ್ಟ್‌ಗಳು 1898ರ ತಮ್ಮ ಕೈಪಿಡಿಯಲ್ಲಿ ನಿಯಮವಾಗಿ ಬರೆದಿಟ್ಟರು. ಇವತ್ತಿಗೂ ಕೆಲಸದ ಬುನಾದಿ ಇವೆರಡೇ.

ಹಾಗಾಗಿ ಮೊದಲ ವಾರ ಯಾವ ಕಟ್ಟನ್ನೂ ಬಿಚ್ಚಬೇಡಿ. ಟ್ರಂಕು, ಚೀಲ, ಗಂಟುಗಳಿಗೆ ಒಂದೊಂದು ನಂಬರ್ ಕೊಡಿ. ಇದ್ದಲ್ಲೇ ಫೋಟೋ ತೆಗೆಯಿರಿ. ಟ್ರಂಕಿನ ಮುಚ್ಚಳ ತೆಗೆದು ಮೇಲಿಂದ ಒಂದು ಫೋಟೋ, ಪ್ರತಿ ಪದರ ಎತ್ತಿದಾಗ ಮತ್ತೊಂದು. ಜೊತೆಗೆ ಮನೆಯವರ ಹತ್ತಿರ ಮಾತಾಡಿ. ಇದನ್ನು ತುಂಬಾ ಜನ ಬಿಟ್ಟೇಬಿಡುತ್ತಾರೆ. ವಕೀಲರ ಮಗಳೋ ಮೊಮ್ಮಗನೋ ಇದ್ದರೆ ಕೇಳಿ: ಆಫೀಸು ಮನೆಯಲ್ಲೇ ಇತ್ತಾ? ಗುಮಾಸ್ತರು ಯಾರಿದ್ದರು? ಟ್ರಂಕು ಯಾವ ಕೋಣೆಯಲ್ಲಿತ್ತು? ಚೀಲಕ್ಕೆ ತುಂಬಿದವರು ಯಾರು, ಯಾವಾಗ? ‘ಸುಣ್ಣ ಬಳಿಸುವಾಗ ಅಟ್ಟದ ಮೇಲಿದ್ದದ್ದನ್ನೆಲ್ಲ ತುಂಬಿದೆವು’ ಎಂಬ ಉತ್ತರ ಬಂದರೆ ಆ ಚೀಲದೊಳಗಿನ ಕ್ರಮ ವಕೀಲರದ್ದಲ್ಲ ಅಂತ ಗೊತ್ತಾಯಿತು. ಟ್ರಂಕಿನದ್ದು ಅವರದ್ದೇ ಇರಬಹುದು. ಎರಡನ್ನೂ ಒಂದೇ ರೀತಿ ನೋಡಬೇಕಿಲ್ಲ.

ಚೀಲದ ಕಾಗದಗಳಿಗೆ ಕ್ರಮವೇ ಇಲ್ಲ ಅಂದುಕೊಂಡರೂ ಸ್ವಲ್ಪ ಪತ್ತೇದಾರಿ ಮಾಡಬಹುದು. ಬಿಡಿ ಹಾಳೆಗಳ ಅಂಚು ನೋಡಿ. ಗುಂಡುಪಿನ್ನಿನ ತುಕ್ಕಿನ ಕಲೆ ಎರಡು ಹಾಳೆಗಳಲ್ಲಿ ಒಂದೇ ಜಾಗದಲ್ಲಿ ಇದೆಯಾ? ಮಡಿಕೆ ಒಂದೇ ಥರ ಇದೆಯಾ? ಹುಳು ಕೊರೆದ ತೂತು ಹಾಳೆಯಿಂದ ಹಾಳೆಗೆ ಹೊಂದುತ್ತದೆಯಾ? ಹುಳು ಒಂದು ಕಡೆಯಿಂದ ನೇರವಾಗಿ ಕೊರೆದುಕೊಂಡು ಹೋಗಿರುತ್ತದೆ. ತೂತು ಹೊಂದಿದರೆ ಆ ಹಾಳೆಗಳು ಬಹಳ ಕಾಲ ಒಟ್ಟಿಗೇ ಮಲಗಿದ್ದವು ಎಂದರ್ಥ. ಇಷ್ಟಾದ ಮೇಲೂ ಸಂಬಂಧ ಸಿಗದೆ ಉಳಿದವಕ್ಕೆ ನೀವೇ ಒಂದು ಸರಳ ಕ್ರಮ ಕೊಡಬಹುದು. ಆದರೆ ‘ಈ ಜೋಡಣೆ ಆರ್ಕೈವ್ಸ್‌ನವರದ್ದು’ ಎಂದು ಕ್ಯಾಟಲಾಗ್‌ನಲ್ಲಿ ಬರೆದುಬಿಡಿ.

ಈಗ ಎಕ್ಸೆಲ್ ವಿಚಾರ. ಪ್ರತಿ ಕಾಗದವನ್ನೂ ಓದಿ ಪಟ್ಟಿ ಮಾಡುವುದು ಆಗದ ಮಾತು. ಲೆಕ್ಕ ಹಾಕಿ ನೋಡಿ. ಒಂದಕ್ಕೆ ಐದು ನಿಮಿಷ ಹಿಡಿದರೆ, ನಿಜವಾಗಿ ಕೆಲಸ ಮಾಡುವ ಆರು ಗಂಟೆಯಲ್ಲಿ ಎಪ್ಪತ್ತು ಚಿಲ್ಲರೆ ಆಗುತ್ತವೆ. ಮೂರು ತಿಂಗಳಿಗೆ ನಾಲ್ಕೂವರೆ ಸಾವಿರ. ತುಂಬಿದ ಒಂದು ಟ್ರಂಕಿನಲ್ಲೇ ಅಷ್ಟು ಹಾಳೆ ಇರುತ್ತವೆ. ನೀವು ಹೊರಡುವ ದಿನ ಒಂದು ಟ್ರಂಕಿನ ಬಗ್ಗೆ ಎಲ್ಲವೂ ಗೊತ್ತಿರುತ್ತದೆ. ಉಳಿದ ಮೂರು ಟ್ರಂಕು, ಆರು ಚೀಲದ ಬಗ್ಗೆ ಏನೂ ಗೊತ್ತಿರುವುದಿಲ್ಲ. ಸಂಶೋಧಕರೊಬ್ಬರು ಬಂದು ಕೇಳಿದರೆ ಟ್ರಸ್ಟ್‌ನವರು ಏನು ತೋರಿಸಬೇಕು?

ಟ್ರಸ್ಟ್‌ನವರಿಗೆ ಇದನ್ನು ನಯವಾಗಿ ಹೇಳಿ. ಮೇಲಿನಿಂದ ಕೆಳಗೆ ಬನ್ನಿ. ಮೊದಲು ಇಡೀ ಸಂಗ್ರಹಕ್ಕೆ ಒಂದು ಪುಟದ ವಿವರಣೆ. ಆಮೇಲೆ ಅದರೊಳಗಿನ ಸರಣಿಗಳು: ವಕೀಲಿ ವೃತ್ತಿ, ನಾಟಕ ಸಂಘ, ಏಕೀಕರಣ, ಮನೆ ಮತ್ತು ಜಮೀನು, ಸ್ವಂತ ಪತ್ರಗಳು ಹೀಗೆ. ಇವು ನೀವು ಕಟ್ಟಿದ ವಿಷಯಗಳಲ್ಲ, ಅವರು ಬದುಕಿನಲ್ಲಿ ಮಾಡಿದ ಕೆಲಸಗಳು. ಕಟ್ಟುಗಳಿಂದಲೇ ಅವು ಎದ್ದು ಕಾಣಬೇಕು. ಆಮೇಲೆ ಸರಣಿಯೊಳಗಿನ ಫೈಲು ಅಥವಾ ಕಟ್ಟು. ಅಲ್ಲಿಗೆ ನಿಲ್ಲಿಸಿ. ಬಿಡಿ ಕಾಗದದ ಮಟ್ಟಕ್ಕೆ ಇಳಿಯುವುದು ಅಪರೂಪಕ್ಕೆ, ಟ್ರಸ್ಟ್ ಕೇಳಿದ ಒಂದೆರಡು ಕಟ್ಟುಗಳಿಗೆ ಮಾತ್ರ.

ಅಮೆರಿಕದ ಮಾರ್ಕ್ ಗ್ರೀನ್ ಮತ್ತು ಡೆನಿಸ್ ಮೈಸ್ನರ್ 2005ರಲ್ಲಿ ಇದನ್ನೇ ಖಾರವಾಗಿ ಬರೆದರು. ಒಂದೊಂದು ಹಾಳೆಗೂ ಉಪಚಾರ ಮಾಡುತ್ತಾ ಕೂತರೆ ಗೋದಾಮಿನಲ್ಲಿ ಮುಟ್ಟದ ಸಂಗ್ರಹಗಳು ಬೆಳೆಯುತ್ತಲೇ ಹೋಗುತ್ತವೆ, ಓದುಗರಿಗೆ ಏನೂ ಸಿಗುವುದಿಲ್ಲ ಎಂಬುದು ಅವರ ವಾದ. ನಾನು ಬಹುಪಾಲು ಒಪ್ಪುತ್ತೇನೆ. ಒಂದು ವಿಷಯದಲ್ಲಿ ಮಾತ್ರ ಇಲ್ಲ. ಪಿನ್ನು, ಕ್ಲಿಪ್ಪು ತೆಗೆಯುತ್ತಾ ಕೂರಬೇಡಿ ಅಂತಾರೆ ಅವರು. ಹವೆಯ ತೇವ ಹಿಡಿತದಲ್ಲಿರುವ ಕಟ್ಟಡದಲ್ಲಿ ಅದು ನಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ಹಾಳೆಯನ್ನೇ ತಿಂದುಬಿಡುತ್ತದೆ. ಇಲ್ಲಿ ತೆಗೆಯಲೇಬೇಕು.

ತೆಗೆಯೋದಕ್ಕೂ ಒಂದು ರೀತಿ ಇದೆ. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬೇಡಿ. ಎಳೆದರೆ ತೂತಿನ ಸುತ್ತ ಕಾಗದ ಕಿತ್ತುಬರುತ್ತದೆ. ಕಟ್ಟನ್ನು ಮೇಜಿನ ಮೇಲೆ ಚಪ್ಪಟೆಯಾಗಿಡಿ. ಪಿನ್ನಿಗೂ ಕಾಗದಕ್ಕೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆಯ ಒಂದು ತುಂಡು ತೂರಿಸಿ. ಆ ಕಡೆಯೂ ಈ ಕಡೆಯೂ ನಿಧಾನಕ್ಕೆ ಸರಿಸಿದರೆ ತುಕ್ಕಿನ ಅಂಟು ಬಿಡುತ್ತದೆ. ಆಮೇಲೆ ಪಿನ್ನನ್ನು ಹಿಡಿದು ಕಾಗದವನ್ನೇ ಮೆಲ್ಲಗೆ ಈಚೆಗೆ ಜಾರಿಸಿ. ಸ್ಟೇಪ್ಲರ್ ಪಿನ್ನಾದರೆ ಹಿಂಬದಿಯ ಎರಡು ಕಾಲುಗಳನ್ನು ನೆಟ್ಟಗೆ ಮಾಡಿ ಮುಂದಿನಿಂದ ಎತ್ತಬೇಕು. ಕರಗಿ ಅಂಟಿಕೊಂಡ ರಬ್ಬರ್ ಬ್ಯಾಂಡನ್ನು ಕೆರೆಯಲು ಹೋಗಬೇಡಿ, ಬಿಟ್ಟ ಭಾಗ ಮಾತ್ರ ತೆಗೆಯಿರಿ. ಪಿನ್ನು ತೆಗೆದ ಹಾಳೆಗಳು ಒಟ್ಟಿಗಿದ್ದವು ಎಂಬುದು ತಿಳಿಯುವಂತೆ ಒಂದು ಬಿಳಿ ಹಾಳೆ ಮಡಚಿ ಅದರೊಳಗೆ ಇಡಿ. ನಂಬರ್ ಬರೆಯುವುದು ಮೆತ್ತನೆಯ ಪೆನ್ಸಿಲ್‌ನಲ್ಲಿ ಮಾತ್ರ. ಆ ಕೋಣೆಗೆ ಪೆನ್ನು ತರಲೇಬೇಡಿ.

ಕೈಗವಸು? ಕಾಗದಕ್ಕೆ ಬೇಡ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಕೈಗವಸು ಹಾಕಿದರೆ ಹಾಳೆಯ ಅಂಚು ಬೆರಳಿಗೆ ತಿಳಿಯದೆ ಹರಿಯುವುದೇ ಜಾಸ್ತಿ. ಫೋಟೋ, ನೆಗೆಟಿವ್ ಮುಟ್ಟುವಾಗ ಮಾತ್ರ ಹಾಕಿಕೊಳ್ಳಿ. ಎಂಜಲು ಹಚ್ಚಿ ಹಾಳೆ ತಿರುಗಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹರಿದದ್ದಕ್ಕೆ ಸೆಲ್ಲೋಟೇಪ್ ಬೇಡ. ಹಳೇ ನೆಗೆಟಿವ್ ಡಬ್ಬಿ ತೆಗೆದಾಗ ವಿನೆಗರ್ ವಾಸನೆ ಬಂದರೆ ಆ ಫಿಲ್ಮ್ ಕೊಳೆಯತೊಡಗಿದೆ. ಅದನ್ನು ಉಳಿದವುಗಳಿಂದ ದೂರ ಇಡಿ, ಪಕ್ಕದ್ದಕ್ಕೂ ಹಬ್ಬುತ್ತದೆ. ಬೂಷ್ಟು ಹಿಡಿದ ಕಟ್ಟು ಸಿಕ್ಕರೆ ಅದಕ್ಕೂ ಬೇರೆ ಜಾಗ, ನಿಮಗೆ ಮಾಸ್ಕ್. ನುಸಿಗುಳಿಗೆ ಹಾಕಿ ಮುಚ್ಚಿಡುವುದು ನಮ್ಮ ಮನೆಗಳ ರೂಢಿ. ಅದರ ಹಬೆಯಲ್ಲಿ ಮೂರು ತಿಂಗಳು ಕೂರುವವರು ನೀವು, ಬೇಡ. ಬಿಗಿಯಾದ ಪ್ಲಾಸ್ಟಿಕ್ ಕವರ್ ಕೂಡ ಬೇಡ, ತೇವ ಒಳಗೇ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಹಳೇ ಮನೆಗಳ ಟ್ರಂಕಿನಲ್ಲಿ ಒಮ್ಮೊಮ್ಮೆ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಗುತ್ತದೆ. ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆ, ಬಳಪದಲ್ಲಿ ಬರೆದ ಲೆಕ್ಕ. ಇದೇ ಕಡತ. ಧೂಳಾಗಿದೆ ಅಂತ ಯಾರಾದರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಲೆಕ್ಕವೂ ಹೋಯಿತು. ಕಸ ಗುಡಿಸುವವರಿಗೂ ಇದನ್ನು ತೋರಿಸಿ ಹೇಳಿಡಿ.

ಕ್ಯಾಟಲಾಗ್‌ನಲ್ಲಿ ಏನು ಬರೆಯಬೇಕು? ಅಂತರರಾಷ್ಟ್ರೀಯ ಆರ್ಕೈವ್ಸ್ ಮಂಡಳಿಯ ಐಎಸ್‌ಎಡಿ(ಜಿ) ಎಂಬ ಮಾನದಂಡ ಇದೆ. ಈಗ ಬಳಕೆಯಲ್ಲಿರುವುದು 2000ದ ಎರಡನೇ ಆವೃತ್ತಿ. ಅದರಲ್ಲಿ 26 ಅಂಶಗಳಿವೆ. ಹೆದರಬೇಡಿ, ತೀರಾ ಬೇಕಾದವು ಆರೇ: ಸಂಕೇತ, ಶೀರ್ಷಿಕೆ, ಯಾರು ಸೃಷ್ಟಿಸಿದ್ದು, ಕಾಲ, ಪ್ರಮಾಣ, ಯಾವ ಹಂತದ ವಿವರಣೆ. ನಿಮ್ಮ ಎಕ್ಸೆಲ್‌ಗೆ ಈ ಆರು ಕಾಲಮ್ ಹಾಕಿ. ವಿಷಯ, ಭಾಷೆ ಮತ್ತು ಲಿಪಿ, ನಿರ್ಬಂಧ, ಇಟ್ಟ ಜಾಗ ಎಂದು ಇನ್ನು ನಾಲ್ಕು ಸೇರಿಸಿ. ಒಂದು ಕಟ್ಟಿನ ವಿವರಣೆ ಹೀಗಿರಬಹುದು:

ಸಂಕೇತ: ವಕೀಲ/2/8 (ಸಂಗ್ರಹ/ಸರಣಿ/ಕಟ್ಟು)
ಶೀರ್ಷಿಕೆ: ನಾಟಕ ಸಂಘದ ಲೆಕ್ಕಪತ್ರ ಮತ್ತು ಏಕೀಕರಣ ಸಭೆಗಳ ಪಟ್ಟಿ
ಕಾಲ: 1951–1955, ಹೆಚ್ಚಿನವು 1953
ಹಂತ: ಫೈಲು
ಪ್ರಮಾಣ: 1 ಕಟ್ಟು, ಸುಮಾರು 140 ಹಾಳೆ
ವಿಷಯ: ದೀಪ, ಪರದೆ, ವೇಷಭೂಷಣದ ಬಾಡಿಗೆ ರಸೀದಿ, ಟಿಕೆಟ್ ಲೆಕ್ಕ, ಸಭೆಗೆ ಬಂದವರ ಸಹಿ ಇರುವ ಪಟ್ಟಿಗಳು. ಒಂದೇ ದಾರದಲ್ಲಿ ಕಟ್ಟಿದ ಸ್ಥಿತಿಯಲ್ಲಿ ಸಿಕ್ಕಿವೆ.
ಭಾಷೆ, ಲಿಪಿ: ಕನ್ನಡ, ಸ್ವಲ್ಪ ಮರಾಠಿ (ಮೋಡಿ ಲಿಪಿ)

ವಿಷಯದ ಕೊನೆಯ ವಾಕ್ಯ ಗಮನಿಸಿ. ಮೇಲೆ ಹೇಳಿದ ಸುಳಿವನ್ನು ಉಳಿಸಿದ್ದು ಅದೇ. ನಾಟಕದ ದುಡ್ಡಿನಲ್ಲೇ ಸಭೆ ನಡೆಯಿತು ಎಂದು ನೀವು ತೀರ್ಪು ಕೊಟ್ಟಿಲ್ಲ, ಅದು ಸಂಶೋಧಕರ ಕೆಲಸ. ಸೃಷ್ಟಿಕರ್ತರ ಹೆಸರು, ಜೀವನ ವಿವರ ಮೇಲಿನ ಹಂತದಲ್ಲೇ ಬಂದಿರುತ್ತದೆ. ಅದನ್ನು ಪ್ರತಿ ಸಾಲಿನಲ್ಲೂ ತುಂಬುತ್ತಾ ಹೋಗಬೇಡಿ. ‘ಅಮೂಲ್ಯ’, ‘ಅಪರೂಪದ’, ‘ಮಹತ್ವದ’ ಎಂಬ ಪದಗಳೂ ಬೇಡ. ನಮ್ಮಲ್ಲಿ ಎಷ್ಟೋ ಸೂಚಿಗಳು ಈ ವಿಶೇಷಣಗಳಲ್ಲೇ ಮುಳುಗಿವೆ. ಓದಿದ ಮೇಲೆ ಒಳಗೆ ಏನಿದೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ತಾರೀಖು ಇಲ್ಲದ ಕಾಗದಗಳೇ ಜಾಸ್ತಿ ತಲೆ ತಿನ್ನುತ್ತವೆ, ಜಾಸ್ತಿ ಮಜಾ ಕೊಡುವುದೂ ಅವೇ. ವಿಳಾಸದಲ್ಲಿ ಪಿನ್‌ಕೋಡ್ ಇದೆಯಾ? ಹಾಗಾದರೆ 1972ರ ಆಗಸ್ಟ್ 15ಕ್ಕಿಂತ ಹಳೆಯದಲ್ಲ. ಬಿಲ್ಲಿನಲ್ಲಿ ಆಣೆ ಲೆಕ್ಕ ಇದ್ದರೆ ಬಹುಶಃ 1957ರ ಏಪ್ರಿಲ್‌ಗಿಂತ ಮುಂಚಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದಿರಬಹುದು. ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ಬರೆದ ಮನವಿಯ ಕರಡು ಸಿಕ್ಕರೆ, ಆಯೋಗ ನೇಮಕವಾದದ್ದು 1953ರ ಡಿಸೆಂಬರಿನಲ್ಲಿ, ವರದಿ ಕೊಟ್ಟದ್ದು 1955ರ ಸೆಪ್ಟೆಂಬರಿನಲ್ಲಿ. ಲೆಟರ್‌ಹೆಡ್‌ನಲ್ಲಿ ಮುಂಬಯಿ ಸರ್ಕಾರ ಇದ್ದರೆ 1956ರ ನವೆಂಬರ್ 1ಕ್ಕೆ ಹಿಂದಿನದು, ಮೈಸೂರು ಸರ್ಕಾರ ಇದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದು ಎಂದು ಹಿಡಿಯಬಹುದು. ಹಳೇ ಲೆಟರ್‌ಹೆಡ್ ಮುಗಿಯುವವರೆಗೂ ಬಳಸುವ ಮಂದಿ ನಾವು, ಅದೂ ನೆನಪಿರಲಿ. ಛಾಪಾ ಕಾಗದವಾದರೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಸ್ಟ್ಯಾಂಪ್ ವೆಂಡರ್ ಬರೆದ ತಾರೀಖು, ಕೊಂಡವರ ಹೆಸರು ಇರುತ್ತದೆ.

ಸಂವತ್ಸರ ಮಾತ್ರ ಬರೆದ ಪತ್ರಗಳಲ್ಲಿ ಹುಷಾರು. ‘ಶಾರ್ವರಿ ಸಂವತ್ಸರ’ ಎಂದರೆ 1900–01 ಆಗಬಹುದು, 1960–61 ಕೂಡ ಆಗಬಹುದು. ಅರವತ್ತು ವರ್ಷದ ಚಕ್ರ ತಾನೇ? ಕಾಗದ, ಶಾಯಿ, ಅಂಚೆಚೀಟಿ ನೋಡಿ ನಿರ್ಧರಿಸಬೇಕು. ಶಕವರ್ಷ ಇದ್ದರೆ ಸುಲಭ, 78 ಕೂಡಿಸಿ. ಯುಗಾದಿಗೆ ಮುಂಚಿನ ಜನವರಿ, ಫೆಬ್ರವರಿ, ಮಾರ್ಚ್ ಆದರೆ 79. ನೀವು ಊಹಿಸಿದ ತಾರೀಖನ್ನು ಚೌಕ ಕಂಸದಲ್ಲಿ ಹಾಕಿ, ಯಾಕೆ ಹಾಗೆ ಊಹಿಸಿದಿರಿ ಎಂದು ಒಂದು ಸಾಲು ಬರೆಯಿರಿ.

ಎಕ್ಸೆಲ್‌ನದ್ದೂ ಒಂದು ಕಿತಾಪತಿ ಇದೆ. ಅದರ ಪಂಚಾಂಗ 1900ರ ಜನವರಿ 1ರಿಂದ ಶುರು. ಅದಕ್ಕಿಂತ ಹಿಂದಿನದನ್ನು ತಾರೀಖು ಅಂತ ಒಪ್ಪುವುದೇ ಇಲ್ಲ. ಒಪ್ಪಿದವುಗಳಲ್ಲೂ ದಿನ, ತಿಂಗಳು ಅದಲುಬದಲು ಮಾಡಿಬಿಡಬಹುದು. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿ, 1953-02-14 ಎಂಬ ರೀತಿ ವರ್ಷದಿಂದ ಶುರುಮಾಡಿ ಬರೆಯಿರಿ.

ಕನ್ನಡದಲ್ಲಿ ಟೈಪ್ ಮಾಡುವವರು ಇನ್ನೂ ಒಂದು ನೋಡಿಕೊಳ್ಳಬೇಕು. ಟ್ರಸ್ಟ್‌ನ ಕಂಪ್ಯೂಟರಿನಲ್ಲಿ ಹಳೇ ನುಡಿ ಅಥವಾ ಬರಹ ಫಾಂಟ್ ಇದ್ದೀತು. ಅದರಲ್ಲಿ ಹೊಡೆದದ್ದು ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಹುಡುಕಿದರೆ ಸಿಗುವುದಿಲ್ಲ, ಬೇರೆ ಕಂಪ್ಯೂಟರಿಗೆ ಹೋದರೆ ಓದಲೂ ಆಗುವುದಿಲ್ಲ. ಯುನಿಕೋಡ್‌ನಲ್ಲೇ ಮಾಡಿ. ಹೆಸರುಗಳನ್ನು ಒಂದೇ ರೂಪದಲ್ಲಿ ಹಿಡಿದಿಡುವುದೂ ಮುಖ್ಯ. ಒಂದು ಪತ್ರದಲ್ಲಿ ‘ಅಂಬಿಕಾತನಯದತ್ತ’, ಇನ್ನೊಂದರಲ್ಲಿ ‘ಬೇಂದ್ರೆ ಮಾಸ್ತರು’, ಮತ್ತೊಂದರಲ್ಲಿ ‘ದ.ರಾ.’ ಅಂತ ಬಂದರೆ ಮೂವರಲ್ಲ, ಒಬ್ಬರೇ. ಬೇರೆ ಶೀಟ್‌ನಲ್ಲಿ ‘ಬೇಂದ್ರೆ, ದ.ರಾ. (1896–1981)’ ಎಂದು ಒಂದು ಅಧಿಕೃತ ರೂಪ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಜೋಡಿಸಿ. ಬೆಳಗಾವಿಯನ್ನು ಇಂಗ್ಲಿಷ್ ಕಾಗದಗಳು ಬೆಲ್ಗಾಂ ಅನ್ನುತ್ತವೆ. ಹುಡುಕುವವರು ಎರಡನ್ನೂ ಹೊಡೆಯುತ್ತಾರೆ, ಎರಡಕ್ಕೂ ಸಿಗಬೇಕು. ಮುಂದೆ ಟ್ರಸ್ಟ್ ಏಟಂ (AtoM) ಅಥವಾ ಆರ್ಕೈವ್ಸ್‌ಸ್ಪೇಸ್ ಥರದ ಉಚಿತ ಕ್ಯಾಟಲಾಗ್ ತಂತ್ರಾಂಶ ಹಾಕಿಕೊಂಡರೆ ನಿಮ್ಮ ಶೀಟನ್ನು ಅಲ್ಲಿಗೆ ತುಂಬುವುದು ಕಷ್ಟವಾಗದು. ಶಿಸ್ತಾಗಿ ಮಾಡಿರಬೇಕು ಅಷ್ಟೇ.

ಎಸೆಯುವ ಪ್ರಶ್ನೆಗೆ ಚಿಕ್ಕ ಉತ್ತರ: ನೀವು ಎಸೆಯಬೇಡಿ. ಖಾಲಿ ಲಕೋಟೆ, ಹತ್ತು ಪ್ರತಿ ಇರುವ ಕರಪತ್ರ, ಮದುವೆ ಕರೆಯೋಲೆ ಏನೇ ಇರಲಿ, ‘ನೋಡಬೇಕಾದ್ದು’ ಎಂದು ಬರೆದ ಒಂದು ಡಬ್ಬಿಗೆ ಹಾಕಿ. ಎಲ್ಲಿಂದ ತೆಗೆದಿರಿ ಎಂದು ಚೀಟಿ ಇಡಿ. ತೀರ್ಮಾನ ಟ್ರಸ್ಟ್‌ನದ್ದು, ಅದೂ ಮನೆಯವರ ಜೊತೆ ಮಾತಾಡಿ, ಬರವಣಿಗೆಯಲ್ಲಿ.

ನೀವು ಕೇಳದ ಒಂದು ವಿಷಯ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತಿದೆ. ಇವು ವಕೀಲರ ಕಾಗದಗಳು. ಅದರಲ್ಲಿ ಅರ್ಧ ಅವರದ್ದಲ್ಲ, ಕಕ್ಷಿದಾರರದ್ದು. ಪಾಲುಪಟ್ಟಿ, ವಿಚ್ಛೇದನ, ದತ್ತು, ಸಾಲ, ಹೊಡೆದಾಟ. ಕಕ್ಷಿದಾರ ವಕೀಲರಿಗೆ ಹೇಳಿದ್ದು ಗೋಪ್ಯ. 1872ರ ಸಾಕ್ಷ್ಯ ಕಾಯ್ದೆ ಆ ಬಾಧ್ಯತೆ ಕೇಸು ಮುಗಿದ ಮೇಲೂ ಮುಂದುವರಿಯುತ್ತದೆ ಎಂದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ರಕ್ಷಣೆಯನ್ನು ಉಳಿಸಿಕೊಂಡಿದೆ. ತಾಲೂಕು ಊರು ಬೇರೆ. ಆ ಕೇಸಿನವರ ಮೊಮ್ಮಕ್ಕಳು ಪಕ್ಕದ ಬೀದಿಯಲ್ಲೇ ಇರುತ್ತಾರೆ, ಅಲ್ವಾ? ಹಾಗಾಗಿ ಕೇಸಿನ ಫೈಲುಗಳಿಗೆ ಬೇರೆ ಸರಣಿ ಮಾಡಿ. ಶೀರ್ಷಿಕೆಯಲ್ಲಿ ಕಕ್ಷಿದಾರರ ಹೆಸರು ಹಾಕಬೇಡಿ. ‘ಸಿವಿಲ್ ದಾವೆಗಳು, ಜಮೀನು ಪಾಲು, 1948–1960’ ಎಂದಷ್ಟೇ ಇರಲಿ. ‘ಸದ್ಯ ಓದಲು ಮುಕ್ತವಿಲ್ಲ’ ಎಂದು ನಿರ್ಬಂಧದ ಕಾಲಮ್‌ನಲ್ಲಿ ಬರೆಯಿರಿ. ಇದೆ ಅನ್ನೋದನ್ನೇ ಮುಚ್ಚಿಡುವುದು ತಪ್ಪು, ಎಲ್ಲ ತೆರೆದಿಡುವುದೂ ತಪ್ಪು. ಎಷ್ಟು ವರ್ಷ ಮುಚ್ಚಿಡಬೇಕು ಎಂಬುದನ್ನು ಟ್ರಸ್ಟ್ ಒಬ್ಬ ವಕೀಲರನ್ನು ಕೇಳಿ ತೀರ್ಮಾನಿಸಲಿ. ಯಾರದ್ದಾದರೂ ಮೂಲ ಕ್ರಯಪತ್ರ ಸಿಕ್ಕರೆ ಅದೇ ದಿನ ಮೇಲಿನವರಿಗೆ ತಿಳಿಸಿ.

ಫೋನಿನಲ್ಲಿ ಪತ್ರದ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವ ಆಸೆ ಬರುತ್ತದೆ. ಸುಮ್ನೆ ಒಂದು, ಚೆನ್ನಾಗಿದೆ ಅಂತ. ಹಾಕಬೇಡಿ. ಕಾಗದ ಟ್ರಸ್ಟ್‌ನದ್ದಾದರೂ ಪತ್ರದ ಕೃತಿಸ್ವಾಮ್ಯ ಬರೆದವರದ್ದು, ಅವರ ನಂತರ ವಾರಸುದಾರರದ್ದು.

ಮೋಡಿ ಕಾಗದಗಳ ಬಗ್ಗೆ ಚಿಂತೆ ಮಾಡಬೇಡಿ. ಮುಂಬಯಿ ಪ್ರಾಂತ್ಯದಲ್ಲಿದ್ದ ಜಿಲ್ಲೆಗಳ ಹಳೇ ಮನೆಗಳಲ್ಲಿ ಅವು ಸಾಮಾನ್ಯ. ಓದಲು ಬಾರದಿದ್ದರೂ ವಿವರಿಸಬಹುದು: ಮೋಡಿ ಲಿಪಿ, ಒಂದು ಕಟ್ಟು, ಸುಮಾರು ಇಷ್ಟು ಹಾಳೆ, ಛಾಪಾ ಕಾಗದ, ಮೊಹರು ಇದೆ, ಓದಿಲ್ಲ. ‘ಓದಿಲ್ಲ’ ಎಂದು ಬರೆಯಲು ಸಂಕೋಚ ಬೇಡ. ಮೋಡಿ ಬಲ್ಲವರು ಕ್ಯಾಟಲಾಗ್‌ನಲ್ಲಿ ಆ ಸಾಲು ಕಂಡರೆ ತಾವೇ ಹುಡುಕಿಕೊಂಡು ಬರುತ್ತಾರೆ.

ಇದೇ ದಾರಿಯಲ್ಲಿ ಮುಂದುವರಿಯುವ ಮನಸ್ಸಿದ್ದರೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಆರ್ಕೈವಲ್ ಸ್ಟಡೀಸ್ ಶಾಲೆಯಲ್ಲಿ ಒಂದು ವರ್ಷದ ಡಿಪ್ಲೊಮಾ, ಚಿಕ್ಕ ಕೋರ್ಸುಗಳು ಇವೆ. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇದೆ. ಅಲ್ಲೇ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಆವರಣದಲ್ಲಿ 2019ರಲ್ಲಿ ಶುರುವಾದ ವಿಜ್ಞಾನದ ಆರ್ಕೈವ್ಸ್ ಇದೆ. ಆದರೆ ಅದಕ್ಕೂ ಮುಂಚೆ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಜಾಲತಾಣಕ್ಕೆ ಹೋಗಿ ನಿಮ್ಮ ಜಿಲ್ಲೆಯ ಹೆಸರು ಹೊಡೆದು ನೋಡಿ. ಯಾವ ನಮೂದು ನಿಮಗೆ ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ, ಯಾಕೆ ಅಂತ ಬರೆದುಕೊಳ್ಳಿ. ಹುಡುಕುವವರ ಕಷ್ಟ ಒಮ್ಮೆ ಅನುಭವಿಸಿದರೆ ಶೀರ್ಷಿಕೆ ಬರೆಯುವ ಕೈ ತಾನೇ ಸರಿಹೋಗುತ್ತದೆ.

ಕೊನೆಯ ವಾರ ಹೊಸ ಕಟ್ಟು ಬಿಚ್ಚಬೇಡಿ. ಆ ವಾರ ಎರಡು ಪುಟದ ಟಿಪ್ಪಣಿಗೆ ಮೀಸಲು. ಸಂಗ್ರಹ ಯಾರಿಂದ, ಯಾವಾಗ ಬಂತು. ಮನೆಯವರು ಏನು ಹೇಳಿದರು. ಯಾವ ಕ್ರಮ ವಕೀಲರದ್ದು, ಯಾವುದು ನಿಮ್ಮದು. ಯಾವ ಚೀಲ ಇನ್ನೂ ಮುಟ್ಟಿಲ್ಲ. ಯಾವುದಕ್ಕೆ ನಿರ್ಬಂಧ ಇದೆ. ‘ನೋಡಬೇಕಾದ್ದು’ ಡಬ್ಬಿಯಲ್ಲಿ ಏನಿದೆ. ಎಕ್ಸೆಲ್ ಫೈಲನ್ನು ಎರಡು ಕಡೆ ಉಳಿಸಿ. ಟಿಪ್ಪಣಿಯನ್ನು ಪ್ರಿಂಟ್ ತೆಗೆದು ಒಂದು ಪ್ರತಿಯನ್ನು ಒಂದನೇ ನಂಬರಿನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲಿಡಿ, ಇನ್ನೊಂದನ್ನು ಟ್ರಸ್ಟ್‌ನ ಕಾರ್ಯದರ್ಶಿ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ.